ಅಮೆರಿಕದ ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಬಾಕ್ಸ್: ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾಲ್ಕನೇ ವರ್ಷ

ಹೋಮ್‌ಸ್ಕೂಲ್ ಅಂದರೆ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದು. ಅದಕ್ಕಾಗಿ ಹೊರದೇಶದಿಂದ ಬರುವ ಈ ಪಠ್ಯದ ಬಾಕ್ಸ್ ತರಿಸಬೇಕಾ ಬೇಡವಾ ಅಂತ ಚರ್ಚಿನಲ್ಲಿ ತುಂಬಾ ಜನ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇದು ಮಕ್ಕಳಿಗಿಂತ ಜಾಸ್ತಿ ಅಮ್ಮನಿಗೆ ಬೇಕಾದ ಸಾಮಾನು. ಹಾಗೆ ನೋಡಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಕ್ಕಳ ಪಠ್ಯ ಅಂತ ನೋಡಿದರೆ ಅರ್ಧ ಬಾಕ್ಸ್ ನಮ್ಮ ಊರಿಗೆ ಸಲ್ಲುವುದಿಲ್ಲ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥ ಬಾಕ್ಸ್ ಮಾಡುವವರು ಅಲ್ಲಿ ಹಲವರಿದ್ದಾರೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ. ಅಮ್ಮನಿಗೆ ಒಂದು ದಪ್ಪ ಗೈಡ್. ಅದರಲ್ಲಿ 36 ವಾರಗಳ ಪಾಠ, ದಿನ ದಿನಕ್ಕೆ ಬಿಡಿಸಿ ಬರೆದದ್ದು. ಅಕ್ಷರದ ಸದ್ದು ಹಿಡಿದು ಓದಲು ಕಲಿಸುವ ಇಂಗ್ಲಿಷ್ ಫೋನಿಕ್ಸ್ ಪುಸ್ತಕ, ಗಣಿತದ ವರ್ಕ್‌ಬುಕ್, ಗಟ್ಟಿಯಾಗಿ ಓದಿ ಹೇಳಲು ಕಥೆ ಪುಸ್ತಕಗಳು, ಬಾಯಿಪಾಠಕ್ಕೆ ಬೈಬಲ್ ವಾಕ್ಯಗಳ ಕಾರ್ಡು, ಪ್ರಕೃತಿ ನೋಡಿ ಚಿತ್ರ ಬಿಡಿಸಲು ಒಂದು ನೋಟ್‌ಬುಕ್. ಬೆಲೆಗೆ ಸಾಗಣೆ ಖರ್ಚು ಸೇರುತ್ತದೆ. 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಕ್ಕೆ ಶೇ 5 ಕಸ್ಟಮ್ಸ್ ಸುಂಕ ಹಾಕಿದ್ದರು, ತರಿಸುವ ಮುಂಚೆ ಈಗ ಎಷ್ಟಿದೆ ಅಂತ ನೋಡಿಕೊಳ್ಳಿ. ನಾವು ಎರಡನೇ ವರ್ಷದಿಂದ ಬಳಸಿದ ಸೆಟ್ಟನ್ನೇ ಬೆಂಗಳೂರಿನ ಕುಟುಂಬವೊಂದರಿಂದ ಕೊಳ್ಳುತ್ತಿದ್ದೇವೆ. ಮೊದಲನೆಯದನ್ನು ಮಾತ್ರ ಮಾರಾಟಗಾರರಿಂದ ತರಿಸಿದ್ದು. ಅದರಲ್ಲಿ ಗಣಿತದ ಉತ್ತರ ಪುಸ್ತಕವೇ ಇರಲಿಲ್ಲ. ಮೇಲ್ ಮೇಲೆ ಮೇಲ್ ಕಳಿಸಿ, ಅದು ಬರುವ ಹೊತ್ತಿಗೆ ನಾವು ಸಂಕಲನ ಮುಗಿಸಿ ವ್ಯವಕಲನಕ್ಕೆ ಬಂದಿದ್ದೆವು. ಒಂದನೇ ಕ್ಲಾಸಿನ ಲೆಕ್ಕ ಅಲ್ವಾ, ಉತ್ತರ ಪುಸ್ತಕ ಇಲ್ಲದೆ ಹೇಗೋ ನಡೆಯಿತು!

ನಮ್ಮ ಮನೆಯಲ್ಲಿ ಮೂರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ನಡುವಿನವನಿಗೆ ಆರು, ಚಿಕ್ಕವನಿಗೆ ಮೂರು. ಅತ್ತೆ ನಮ್ಮ ಜೊತೆ ಇದ್ದಾರೆ. ಯಜಮಾನರು ಬೆಳಿಗ್ಗೆ ಅಂಗಡಿಗೆ ಹೋದರೆ ಮಧ್ಯಾಹ್ನ ಊಟಕ್ಕೇ ಬರುವುದು. ಗೈಡ್ ಬರೆದವರ ಕಣ್ಣ ಮುಂದೆ ದೊಡ್ಡ ಮನೆ, ಸದ್ದಿಲ್ಲದ ಊಟದ ಮೇಜು, ಕಿಟಕಿಯಲ್ಲಿ ಮರ ಇದ್ದಿರಬೇಕು. ಇಲ್ಲಿ ಒಂಬತ್ತು ಗಂಟೆಗೆ ಪ್ರಾರ್ಥನೆ ಶುರು ಮಾಡಿದರೆ ನಲ್ಲಿಯಲ್ಲಿ ನೀರು ಬರುತ್ತದೆ. ನೀರು ಬಂದ ಮೇಲೆ ಪಾಠ ಯಾರು ಕೇಳುತ್ತಾರೆ? ಡ್ರಮ್ಮು, ಬಕೆಟ್ಟು, ಸಿಂಟೆಕ್ಸ್ ಎಲ್ಲ ತುಂಬಬೇಕು. ಅದು ಮುಗಿಯುವಷ್ಟರಲ್ಲಿ ತರಕಾರಿ ಗಾಡಿ. ಅಷ್ಟರಲ್ಲಿ ಚಿಕ್ಕವನು ಅಣ್ಣನ ವರ್ಕ್‌ಬುಕ್ ಮೇಲೆ ಕೆಂಪು ಕ್ರೇಯಾನ್‌ನಲ್ಲಿ ತನ್ನ ಪಾಠ ಮುಗಿಸಿರುತ್ತಾನೆ.

ಗೈಡಿನ ಬೆಲೆ ತಿಳಿಯುವುದು ಇಂಥ ದಿನಗಳಲ್ಲೇ. ಯಾವ ಪಾಠ ಎಲ್ಲಿ ನಿಂತಿತು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪುಟ ತೆಗೆದರೆ ನಿನ್ನೆ ಟಿಕ್ ಹಾಕಿದ ಕಡೆಯಿಂದ ಮುಂದುವರಿಯಬಹುದು. ಮನೆಯಲ್ಲಿ ಮೂರೂ ಮಕ್ಕಳಿಗೆ ಜ್ವರ ಬಂದು ವಾರವಿಡೀ ಏನೂ ಆಗದಿದ್ದರೂ ಗೈಡು ಬೈಯುವುದಿಲ್ಲ. "ಇವತ್ತು ಏನು ಮಾಡಿಸಲಿ" ಅನ್ನುವ ಯೋಚನೆ ತಲೆಯಿಂದ ಇಳಿದರೆ ಎಷ್ಟು ಹಗುರ ಅನ್ನುವುದು ಮನೆಯಲ್ಲಿ ಮಕ್ಕಳಿಗೆ ಕಲಿಸಿದವರಿಗೇ ಗೊತ್ತು. ದಿನಕ್ಕೆ ಎರಡು ಎರಡೂವರೆ ಗಂಟೆ ಕುಳಿತರೆ ಸಾಕು, ಇಷ್ಟು ಚಿಕ್ಕವರಿಗೆ ಅದಕ್ಕಿಂತ ಜಾಸ್ತಿ ಬೇಡ ಅಂತ ಗೈಡೇ ಹೇಳುತ್ತದೆ. ಆ ಮಾತು ಓದದಿದ್ದರೆ ನಾನು ಸುಮ್ನೆ ಸಂಜೆವರೆಗೂ ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ.

ಎರಡನೇ ಒಳ್ಳೆಯ ಅಂಶ ಕಥೆ ಓದಿ ಹೇಳುವುದು. ಊಟವಾದ ಮೇಲೆ ಮೂವರೂ ಚಾಪೆ ಮೇಲೆ. ದೊಡ್ಡವಳ ಪುಸ್ತಕವನ್ನು ನಡುವಿನವನು ಕೇಳಿಸಿಕೊಳ್ಳುತ್ತಾನೆ, ಅವನ ಪುಸ್ತಕ ಬಂದಾಗ ಅವಳು ದೊಡ್ಡವಳ ಗತ್ತಿನಲ್ಲಿ ಮುಂದಿನ ಸಾಲು ಹೇಳಿಬಿಡುತ್ತಾಳೆ. ಇಂಗ್ಲಿಷಿನಲ್ಲಿ ಒಂದು ಪುಟ ಓದುತ್ತೇನೆ, ಕನ್ನಡದಲ್ಲಿ ಅದನ್ನೇ ಮಾತಾಡುತ್ತೇವೆ. ಅತ್ತೆ ಇಂಗ್ಲಿಷ್ ಬಾರದಿದ್ದರೂ ಬಂದು ಕೂರುತ್ತಾರೆ. "ಆ ಹುಡುಗ ಆಮೇಲೆ ಏನ್ಮಾಡ್ದ?" ಅಂತ ಅವರೇ ಮೊದಲು ಕೇಳುವುದು.

ಇನ್ನು ದೂರುಗಳು. ಗಣಿತದ ಪುಸ್ತಕದಲ್ಲಿ ಚಿಕ್ಕ ಮಕ್ಕಳಿಗೆ ದುಡ್ಡು ಎಣಿಸಲು ಕೊಟ್ಟಿರುವುದು ಅಮೆರಿಕದ ನಾಣ್ಯಗಳಾದ ಡೈಮ್, ನಿಕಲ್, ಕ್ವಾರ್ಟರ್. ಅಳತೆಗೆ ಇಂಚು, ಮೈಲಿ, ಪೌಂಡು. ಬಿಸಿಲು ಫ್ಯಾರನ್‌ಹೀಟ್‌ನಲ್ಲಿ. ಇದೆಲ್ಲ ಬಿಟ್ಟು ಸಂತೆಗೆ ಕರೆದುಕೊಂಡು ಹೋದರೆ ಮುಗಿಯಿತು. ನಿಜವಾದ ತೊಡಕು ದೊಡ್ಡ ಸಂಖ್ಯೆಗಳದ್ದು. ಅವರು 100,000 ಅಂತ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತಾರೆ, ನಾವು 1,00,000 ಅಂತ. ದೊಡ್ಡವಳು ಆ ಪುಸ್ತಕದಲ್ಲಿ ಸ್ಥಾನಬೆಲೆ ಕಲಿತು, ಅಪ್ಪನ ಅಂಗಡಿ ಲೆಕ್ಕದಲ್ಲಿ ಲಕ್ಷ ನೋಡಿದಾಗ ಅಪ್ಪನೇ ತಪ್ಪು ಬರೆದಿದ್ದಾರೆ ಅಂತ ತಿದ್ದಿಟ್ಟಿದ್ದಳು. ಸ್ಥಾನಬೆಲೆಯ ಅಧ್ಯಾಯವನ್ನು ಪೂರಾ ಬಿಟ್ಟು ನಮ್ಮ ರಾಜ್ಯದ ಪಠ್ಯಪುಸ್ತಕ ಹಿಡಿಯಿರಿ.

ಋತುಗಳ ಪಾಠ ಇನ್ನೂ ತಮಾಷೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗಿ ಉದುರುವುದನ್ನು ನೋಡಿ ಅಂಟಿಸಿ ಅನ್ನುತ್ತದೆ ಗೈಡು. ಆಗ ನಮ್ಮಲ್ಲಿ ವರ್ಷದಲ್ಲೇ ಹೆಚ್ಚು ಹಸಿರು, ಗುಡ್ಡದ ಸೀತಾಫಲ ಬುಟ್ಟಿಯಲ್ಲಿ ಬರುವ ಕಾಲ. ನಾನು ಆ ಪಾಠವನ್ನು ಎತ್ತಿ ಜನವರಿ, ಫೆಬ್ರುವರಿಗೆ ಹಾಕಿದೆ. ಜೋಗಿಮಟ್ಟಿ ಕಾಡು ಎಲೆ ಉದುರಿಸಿಕೊಂಡು ಒಣಗಿ ನಿಲ್ಲುವುದು ಆಗ, ಯುಗಾದಿ ಹೊತ್ತಿಗೆ ಬೇವು ಹೊಂಗೆ ಚಿಗುರುತ್ತವೆ. ಹಿಮದ ಪಾಠ ಬಿಟ್ಟೇಬಿಟ್ಟೆವು. ಅದಕ್ಕಿಟ್ಟಿದ್ದ ಹತ್ತಿಯನ್ನು ಅತ್ತೆ ದಿಂಬಿಗೆ ತುಂಬಿದರು.

ಆದರೆ ಪ್ರಕೃತಿ ಪಾಠವನ್ನು ಪೂರ್ತಿ ಬಿಡಬೇಡಿ. ಮೊನಾರ್ಕ್ ಚಿಟ್ಟೆ ಮಿಲ್ಕ್‌ವೀಡ್ ಅನ್ನುವ ಹಾಲಿನ ಗಿಡದ ಮೇಲೆ ಮೊಟ್ಟೆ ಇಡುವುದರ ಬಗ್ಗೆ ಅದರಲ್ಲಿ ಪಾಠವಿದೆ. ಮೊನಾರ್ಕ್ ಇಲ್ಲಿ ಎಲ್ಲಿ ಬರಬೇಕು? ಆದರೆ ಅದೇ ಬಳಗದ ಪ್ಲೇನ್ ಟೈಗರ್ ಚಿಟ್ಟೆ ನಮ್ಮ ಬೀದಿ ಕೊನೆಯ ಖಾಲಿ ಸೈಟಿನ ಎಕ್ಕದ ಗಿಡದಲ್ಲಿ ಮೊಟ್ಟೆ ಇಡುತ್ತದೆ. ಎಕ್ಕವೂ ಮಿಲ್ಕ್‌ವೀಡಿನ ಕುಲದ್ದೇ. ಎಲೆ ತಿಂದು ಅದರ ವಿಷ ಮೈಗೆ ಸೇರುವುದರಿಂದ ಹಕ್ಕಿಗಳು ಆ ಚಿಟ್ಟೆಯ ತಂಟೆಗೆ ಹೋಗುವುದಿಲ್ಲ. ಕಪ್ಪು, ಬಿಳಿ, ಹಳದಿ ಪಟ್ಟಿಯ ಹುಳುವನ್ನು ಎಲೆ ಸಮೇತ ಡಬ್ಬಿಯಲ್ಲಿ ತಂದು, ಅದು ಗೂಡಾಗಿ, ಚಿಟ್ಟೆಯಾಗಿ ಹೊರಬರುವವರೆಗೂ ಮೂರೂ ಮಕ್ಕಳು ಊಟಕ್ಕೂ ಅದರ ಮುಂದೆಯೇ ಕುಳಿತರು. ಬಾಕ್ಸಿನ ಕ್ರಮ, ಊರಿನ ಹುಳು. ಒಂದು ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಎಲೆ ಕೀಳುವುದು ದೊಡ್ಡವರೇ, ಕೈ ತೊಳೆದ ಮೇಲೆಯೇ ಬೇರೆ ಕೆಲಸ.

ಬೈಬಲ್ ಪಾಠದ ವಿಷಯಕ್ಕೆ ಬಂದರೆ, ನಮ್ಮ ಊರಿನ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಮುಂದಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಪುಸ್ತಕದ ಚಿತ್ರದಲ್ಲಿ ಕುರುಬ ಹಸಿರು ಹುಲ್ಲಿನ ನಡುವೆ ಬೆಳ್ಳನೆಯ ಕುರಿ ಎತ್ತಿಕೊಂಡು ನಿಂತಿದ್ದಾನೆ. ನಮ್ಮ ಮಕ್ಕಳು ಕಂಡದ್ದು ಹೆಗಲ ಮೇಲೆ ಕಂಬಳಿ ಹಾಕಿ ಹೆದ್ದಾರಿ ದಾಟಿಸುವ ಕುರಿಗಾರರನ್ನು. ಕುರಿಗಳನ್ನೂ ಆಡುಗಳನ್ನೂ ಬೇರೆ ಬೇರೆ ಮಾಡುವ ಮತ್ತಾಯನ 25ನೇ ಅಧ್ಯಾಯ ಬಂದಾಗ, "ಬಿಳಿ ಕುರಿ, ಕಪ್ಪು ಆಡು, ಬೇರೆ ಮಾಡೋದು ಸುಲಭ ಅಲ್ವಾ?" ಅಂದ ಮಗ, ಪುಸ್ತಕದ ಚಿತ್ರ ತೋರಿಸಿ. ಅವತ್ತೇ ಸಂಜೆ ಒಂದು ಮಂದೆ ರಸ್ತೆಯಲ್ಲಿ ಸಿಕ್ಕಿತು. ನಮ್ಮ ಸೀಮೆಯ ಕುರಿಗಳು ಕಪ್ಪು, ಆಡುಗಳೂ ಕಪ್ಪು, ಎಲ್ಲ ಒಟ್ಟಿಗೆ ನಡೆಯುತ್ತವೆ. ಯಾವುದು ಯಾವುದು ಅಂತ ಅವನಿಗೆ ಹೊಳೆಯಲಿಲ್ಲ. ಕುರಿಗಾರ ಬಾಲ ನೋಡು ಅಂದ. ಕುರಿಯ ಬಾಲ ಕೆಳಗೆ ಜೋತಿರುತ್ತದೆ, ಆಡಿನದು ಮೇಲಕ್ಕೆ ಎದ್ದಿರುತ್ತದೆ. ಇದು ಯಾವ ಗೈಡಿನಲ್ಲೂ ಇಲ್ಲ.

ಇಸ್ರಾಯೇಲರು ಏಳನೇ ದಿನ ಏಳು ಸಲ ಸುತ್ತಿದಾಗ ಗೋಡೆ ಬಿದ್ದ ಯೆರಿಕೋ ಪಟ್ಟಣದ ಬೈಬಲ್ ಕಥೆ ಆದ ದಿನ ನಮ್ಮ ಚಿತ್ರದುರ್ಗದ ಕೋಟೆಗೆ ಹೋದರೆ, "ಏಳು ಸುತ್ತಿನ ಕೋಟೆ ಅಂದ್ರೆ ಇದನ್ನೂ ಏಳು ಸಲ ಸುತ್ತಬೇಕಾ?" ಅಂತ ಹಟ. ಒಂದು ಸುತ್ತಿಗೇ ನನಗೆ ಕಾಲು ಬಿದ್ದುಹೋಗಿತ್ತು, ಬಿಡಿ.

ಇತಿಹಾಸದಲ್ಲಿ ಬಾಕ್ಸು ರೋಮ್‌ಗೆ ವಾರಗಟ್ಟಲೆ ಕೊಡುತ್ತದೆ, ಭಾರತಕ್ಕೆ ಒಂದು ಪುಟ. ನನಗೆ ಇದರಿಂದ ಸಿಟ್ಟು ಬಂದಿತ್ತು. ಆದರೆ ನಮ್ಮ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟಿಬೇರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದರು. ಯೇಸು ಬೆಳೆದದ್ದು, ಬೋಧಿಸಿದ್ದು ಈ ಇಬ್ಬರ ಆಳ್ವಿಕೆಯಲ್ಲೇ. ತೆರಿಗೆಯ ಮಾತು ಬಂದು, ಕೈಸರನದು (ರೋಮನ್ ಚಕ್ರವರ್ತಿಯದು) ಕೈಸರನಿಗೆ ಕೊಡಿ ಅಂತ ಯೇಸು ಹೇಳಿದಾಗ ಕೈಯಲ್ಲಿದ್ದ ನಾಣ್ಯ ಟಿಬೇರಿಯಸನದೇ ಇರಬೇಕು ಅಂತ ವಿದ್ವಾಂಸರು ಹೇಳುವುದುಂಟು. ಅಂಥ ನಾಣ್ಯ ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದ ಮಣ್ಣಲ್ಲಿತ್ತು ಅಂದಾಗ ದೊಡ್ಡವಳ ಕಣ್ಣು ಅರಳಿದ್ದು ನೋಡಬೇಕಿತ್ತು. ರೋಮ್ ಮುಗಿದ ಮೇಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ನೋಡಿ ಬಂದೆವು. ಭಾರತದ ಆ ಒಂದು ಪುಟ ಇನ್ನೂ ಹಾಗೇ ಇದೆ, ಓದಿಸಿಲ್ಲ.

ವಿಜ್ಞಾನದ ಪುಸ್ತಕದ ಬಗ್ಗೆ ಬಿಡಿಸಿ ಹೇಳಬೇಕು. ಈ ಬಾಕ್ಸ್‌ಗಳಲ್ಲಿ ಹಲವು, ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ ಅಂತ ಕಲಿಸುತ್ತವೆ. ನಮ್ಮದೂ ಹಾಗೇ. ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋದರೆ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ. ನೀರಿನಡಿಯಲ್ಲಿ ಲಾವಾ ಉಕ್ಕಿ ಗಟ್ಟಿಯಾದದ್ದು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಕ್ಕಳನ್ನು ಆ ಬಂಡೆ ಮೇಲೆ ಕೂರಿಸಿ ಮಂಡಕ್ಕಿ ತಿನ್ನಿಸಿಕೊಂಡು ಬಂದ ಮೇಲೆ ಪುಸ್ತಕದ ಆ ಅಧ್ಯಾಯ ಕಲಿಸಲು ನನಗೆ ಮನಸ್ಸಾಗಲಿಲ್ಲ. ದೇವರು ಮಾಡಿದ್ದು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿಲ್ಲ. ಎಷ್ಟು ಹೊತ್ತಿನಲ್ಲಿ ಮಾಡಿದ ಅನ್ನುವುದಕ್ಕೆ ಬಂಡೆಯನ್ನೂ ಕೇಳೋಣ ಅಂತ ಯಜಮಾನರು ಹೇಳುತ್ತಾರೆ. ಮೈದುನನಿಗೆ ಇದು ಒಪ್ಪಿಗೆಯಿಲ್ಲ, ಭಾನುವಾರದ ಊಟಕ್ಕೆ ಬಂದಾಗಲೆಲ್ಲ ವಾದ. ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ. ಕೊಳ್ಳುವ ಮುಂಚೆ ಮಾದರಿ ಪುಟ ಓದಿ, ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ.

ಕನ್ನಡ? ಒಂದಕ್ಷರವೂ ಇಲ್ಲ, ಇರಲಿ ಅಂತ ಕೇಳುವುದೂ ನ್ಯಾಯವಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ಕ್ರಮ ನಮ್ಮ ಕೈ ಹಿಡಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಅದು. ಅ ಆ ಇ ಈ ಸಾಲಿನಲ್ಲಿ ಹೋಗದೆ ರ, ಗ, ಸ, ದ, ಅ ಅಂತ ಬರೆಯಲು ಸುಲಭವಾದ ಅಕ್ಷರದಿಂದ ಹೊರಟು, ಅಷ್ಟರಲ್ಲೇ ಪದ ಓದಿಸುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದರಾಯಿತು. ಸಾವಿರಾರು ರೂಪಾಯಿಯ ಬಾಕ್ಸಿಗಿಂತ ಈ ಸ್ಪೈರಲ್ಲೇ ಹೆಚ್ಚು ಮಾಸಿದೆ. ಕನ್ನಡ ಓದಲು ಬಂದ ಮೇಲೆ ಬೈಬಲಿನ ಕೀರ್ತನೆಗಳ ಬಾಯಿಪಾಠವನ್ನೂ ಕನ್ನಡ ಸತ್ಯವೇದದಿಂದಲೇ ಮಾಡಿಸುತ್ತಿದ್ದೇನೆ. ಅಜ್ಜಿ ತಪ್ಪು ತಿದ್ದಬಹುದು.

ಬಾಕ್ಸಿನ ಜೊತೆ ಬರುವ ಅಂಕಪಟ್ಟಿ, ಸರ್ಟಿಫಿಕೇಟಿಗೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆಯ ಬಗ್ಗೆ ಹೇಳುತ್ತದೆ, ಮನೆಯಲ್ಲಿ ಕಲಿಸುವುದರ ಬಗ್ಗೆ ಅದರಲ್ಲಿ ಮಾತಿಲ್ಲ. ಅದಕ್ಕೇ ನೆಂಟರು "ಮುಂದೆ ಹೇಗಮ್ಮ?" ಅಂತ ಕೇಳಿದಾಗ ನಮ್ಮಂಥವರು ತಡವರಿಸುವುದು. ನಾವು ನೆಚ್ಚಿಕೊಂಡಿರುವುದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ, ಅವು 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಹದಿನಾಲ್ಕು ತುಂಬಿರಬೇಕು, ಕನ್ನಡವನ್ನು ಒಂದು ಭಾಷೆಯಾಗಿ ತೆಗೆದುಕೊಳ್ಳಬಹುದು. ಹಾಗಾಗಿ ದೊಡ್ಡವಳಿಗೆ ಬರುವ ವರ್ಷದಿಂದ ಬಾಕ್ಸಿನ ಗಣಿತ, ವಿಜ್ಞಾನ ಎರಡೂ ಬಂದ್. ಕಥೆ ಪುಸ್ತಕ ಮಾತ್ರ ಇರುತ್ತದೆ.

ಮಕ್ಕಳಿಗೆ ಜೊತೆ ಸಿಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಕೂಡಲೇ ನಮ್ಮ ಬೀದಿಯ ಮಕ್ಕಳೆಲ್ಲ ನಮ್ಮ ಗೇಟಿನಲ್ಲೇ ಇರುತ್ತಾರೆ. ಒಂದು ಗಂಟೆ ಯಾರೂ ಬರದಿದ್ದರೆ ಸಾಕು ಅಂತ ನಾನು ಕಾಯುತ್ತೇನೆ. ಅಮೆರಿಕದ ಸುಗ್ಗಿಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಪಾಠ ಬಂದಾಗ ಅದನ್ನು ಬಿಟ್ಟು ಚರ್ಚಿನ ಸುಗ್ಗಿ ಹಬ್ಬಕ್ಕೆ ಸಿದ್ಧ ಮಾಡಿಸಿದೆ. ಅಲ್ಲಿ ಜನ ತಂದುಕೊಟ್ಟದ್ದರ ಹರಾಜಿನಲ್ಲಿ ಕುಂಬಳಕಾಯಿ ಎಷ್ಟಕ್ಕೆ ಹೋಯಿತು, ಕೋಳಿ ಎಷ್ಟಕ್ಕೆ, ಒಟ್ಟು ಎಷ್ಟು ಅಂತ ನಡುವಿನವನು ಬೆರಳು ಮಡಿಸಿ ಲೆಕ್ಕ ಹಾಕಿದ. ವರ್ಕ್‌ಬುಕ್ ಮುಂದೆ ಆಕಳಿಸುವ ಹುಡುಗನೇ ಇವನು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಈಗಷ್ಟೇ ಶುರು ಮಾಡುವ, ಎಲ್ಲಿಂದ ಹಿಡಿಯಬೇಕು ಅಂತ ತಿಳಿಯದ ಅಮ್ಮಂದಿರು ಒಂದನೇ ವರ್ಷದ ಗೈಡ್ ಮತ್ತು ಕಥೆ ಪುಸ್ತಕಗಳನ್ನು ಬಳಸಿದವರಿಂದ ಕೊಳ್ಳಿ. ಗೈಡಿನಲ್ಲಿ ಬರೆಯದೆ ಬೇರೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದರೆ ಮುಂದಿನ ಮಗುವಿಗೂ ಬರುತ್ತದೆ. ಫೋನಿಕ್ಸ್ ಪುಸ್ತಕವೂ ಚೆನ್ನಾಗಿದೆ, ಆದರೆ ಮಗುವಿಗೆ ಕನ್ನಡ ಅಕ್ಷರ ಬಂದ ಮೇಲೆ ತೆಗೆಯಿರಿ. ಗಣಿತ, ಇತಿಹಾಸ, ವಿಜ್ಞಾನ ಬೇಡ. ಆಗಲೇ ಮೂರು ನಾಲ್ಕು ವರ್ಷ ಕಲಿಸಿದ ಅನುಭವವಿರುವವರಿಗೆ ಬಾಕ್ಸೇ ಬೇಡ. ಪುಸ್ತಕ ತರಿಸುವುದಾದರೆ ಜೂನ್‌ಗೆ ಕೈಗೆ ಸಿಗುವ ಹಾಗೆ ಮಾರ್ಚ್‌ನಲ್ಲೇ ಹೇಳಿಬಿಡಿ. ತಡವಾದರೆ ಮಳೆಗಾಲದ ಕೊರಿಯರ್, ಮೂಲೆ ನೆಂದ ಪುಸ್ತಕ.