ಮಾಸ್ ಎಫೆಕ್ಟ್: ಒಂದಾ, ಎರಡಾ?

ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಈ ಸಲ ಕರೆಂಟ್ ಇದ್ದ ಹೊತ್ತೆಲ್ಲ ಮಾಸ್ ಎಫೆಕ್ಟ್ ಅನ್ನುವ ಬಾಹ್ಯಾಕಾಶದ ವಿಡಿಯೋ ಗೇಮ್ ಆಡಿದೆ. ಮೊದಲ ಭಾಗ ಮುಗಿಸಿ, ಮಾರನೇ ದಿನವೇ ಎರಡನೆಯದಕ್ಕೆ ಕೈ ಹಾಕಿದೆ. ಚಿಕ್ಕಪ್ಪನ ಮಗ ಮಾತ್ರ ತನ್ನ ಲ್ಯಾಪ್‌ಟಾಪಿನಲ್ಲಿ ನೇರ ಎರಡನೆಯದನ್ನೇ ಶುರು ಮಾಡಿದ. "ಅಣ್ಣ, ಮೊದಲನೇದು ಹಳೇದು. ಸುಮ್ನೆ ಯಾಕೆ ಟೈಮ್ ಹಾಳು?" ಅನ್ನೋದು ಅವನ ವಾದ.

ಎರಡೂ ಕೆನಡಾದ ಬಯೋವೇರ್ ಮಾಡಿದ ಆಟಗಳು. ಒಂದು 2007ರದ್ದು, ಇನ್ನೊಂದು 2010ರದ್ದು. ನಾವು ಆಡಿದ್ದು ಹಳೇ ಪಿಸಿ ಆವೃತ್ತಿ. 2021ರಲ್ಲಿ ಸುಣ್ಣ ಬಣ್ಣ ಹೊಡೆದು ಬಿಟ್ಟ ಲೆಜೆಂಡರಿ ಎಡಿಷನ್ ಎಳೆಯುವ ಶಕ್ತಿ ನನ್ನ ಪಿಸಿಗಿಲ್ಲ. ಹಾಗಾಗಿ ನನ್ನ ಬೈಗುಳ ಪೂರ್ತಿ ಹಳೇದಕ್ಕೇ.

ಮೊದಲನೆಯದರಲ್ಲಿ ಬೈಯೋಕೆ ಬೇಕಾದಷ್ಟಿದೆ. ಸಿಟಡೆಲ್ ಅನ್ನುವ ದೊಡ್ಡ ಬಾಹ್ಯಾಕಾಶ ನಿಲ್ದಾಣದಲ್ಲಿ ಲಿಫ್ಟ್ ಹತ್ತಿದರೆ ಒಂದು ಲೋಟ ಕಾಫಿ ಕುಡಿದು ಬರಬಹುದು. ಆಟ ಲೋಡ್ ಆಗುವುದನ್ನು ಮುಚ್ಚಿಡಲು ಮಾಡಿದ ಉಪಾಯ ಅದು. ಚೀಲದಲ್ಲಿ 150 ಸಾಮಾನು ತುಂಬಿದರೆ ಕೂತು ಒಂದೊಂದಾಗಿ ಕರಗಿಸಬೇಕು. ಮಾಕೋ ಅನ್ನುವ ಆರು ಗಾಲಿಯ ಗಾಡಿಯಂತೂ ಕೆಸರಿಗಿಳಿದ ನಮ್ಮ ತೋಟದ ಜೀಪಿಗಿಂತ ಹಠಮಾರಿ. ಸಣ್ಣ ದಿಬ್ಬಕ್ಕೆ ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತದೆ. ಗೋಡೆಯಂಥ ಬೆಟ್ಟವನ್ನು ಮಾತ್ರ ಹಲ್ಲಿಯ ಹಾಗೆ ಹತ್ತುತ್ತದೆ! ಯಾವುದೋ ಗ್ರಹದಲ್ಲಿ ಹೀಗೆ ಹತ್ತುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೂಗಿ ಸುಮ್ಮನಾಯಿತು. ಈ ಆಟ ತಾನಾಗಿ ಸೇವ್ ಮಾಡಿಕೊಳ್ಳುವುದು ಅಪರೂಪ. ಒಂದು ಗಂಟೆಯ ಆಟ ನೀರುಪಾಲು.

ಆದರೂ ಒಂದು ಮಾತು. ಅದೇ ಮಾಕೋದಲ್ಲಿ ಚಂದ್ರನ ಮೇಲೂ ಇಳಿಯಬಹುದು. ಗಾಡಿ ನಿಲ್ಲಿಸಿ ತಲೆಯೆತ್ತಿದರೆ ಆಕಾಶದಲ್ಲಿ ಭೂಮಿ ಕಾಣುತ್ತದೆ. ಬಂದ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೆ. ಎರಡನೆಯದರಲ್ಲಿ ಈ ಸುಖ ಇಲ್ಲ. ಅಲ್ಲಿ ಹೆಚ್ಚಿನ ಗ್ರಹಗಳನ್ನು ಹಡಗಿನಲ್ಲೇ ಕೂತು ಸ್ಕ್ಯಾನ್ ಮಾಡಬೇಕು. ಮೌಸ್ ಒತ್ತಿ ಹಿಡಿದು ಮೆಲ್ಲಗೆ ಎಳೆಯುವುದು, ಗೆರೆ ಮೇಲೆದ್ದ ಕಡೆ ಪ್ರೋಬ್ ಅನ್ನುವ ಯಂತ್ರ ಬಿಡುವುದು, ಪಲ್ಲಾಡಿಯಮ್ ಲೋಹ ಎತ್ತುವುದು. ಕಾಳುಮೆಣಸು ಬಿಡಿಸುವ ಕೆಲಸವೇ ವಾಸಿ.

ಗುಂಡಿನ ಕಾಳಗದಲ್ಲಿ ಎರಡನೆಯದಕ್ಕೆ ಸಾಟಿಯಿಲ್ಲ. ಮರೆಯಲ್ಲಿ ಕೂರುವುದು, ಎದ್ದು ಹೊಡೆಯುವುದು, ಎಲ್ಲ ಸಲೀಸು. ಮೊದಲನೆಯದರಲ್ಲಿ ಬಂದೂಕಿಗೆ ಗುಂಡು ಮುಗಿಯುವುದೇ ಇಲ್ಲ, ಕಾದಾಗ ಆರಲು ಬಿಟ್ಟರೆ ಸಾಕು. ಎರಡನೆಯದರಲ್ಲಿ ಕ್ಲಿಪ್ ಹೆಕ್ಕುತ್ತಾ ಓಡಬೇಕು. ಕಥೆಯಲ್ಲಿ ಎರಡು ವರ್ಷ ಕಳೆದಿದೆ, ಬಂದೂಕು ಹಿಂದಕ್ಕೆ ಹೋಗಿದೆ!

ಜೊತೆಗಾರರ ವಿಷಯಕ್ಕೆ ಬಂದರೂ ಎರಡನೆಯದೇ ಮುಂದು. ಒಬ್ಬೊಬ್ಬರ ಮನೆಯ ತಾಪತ್ರಯ ಬಗೆಹರಿಸದೆ ಕೊನೆಯ ದಾಳಿಗೆ ಹೊರಟರೆ ಅಲ್ಲಿ ಹೆಣ ಬೀಳುತ್ತದೆ. ನಾವು ಆಡುವ ನಾಯಕ ಶೆಪರ್ಡ್‌ನ ಕೋಣೆಯ ಮೀನಿಗೆ ತಿಂಡಿ ಹಾಕುವುದನ್ನು ಮರೆತರೆ ಅದೂ ಸಾಯುತ್ತದೆ. ನಾನು ಮೂರು ಸಲ ಕೊಂದೆ.

ಇಷ್ಟು ಓದಿದರೆ ತಮ್ಮನೇ ಸರಿ ಅನ್ನಿಸಬಹುದು ಅಲ್ವಾ? ಅದಕ್ಕೇ ರೆಕ್ಸ್ ವಿಷಯ ಹೇಳಬೇಕು.

ರೆಕ್ಸ್ ಮೊದಲ ಆಟದ ಜೊತೆಗಾರ, ಕ್ರೋಗನ್ ಅನ್ನುವ ಅನ್ಯಗ್ರಹ ಜೀವಿಗಳ ಕುಲದವನು. ಅವನ ಕುಲಕ್ಕೆ ಬೇರೆಯವರು ಬೇಕಂತಲೇ ಒಂದು ರೋಗ ಹಬ್ಬಿಸಿದ್ದಾರೆ, ಮಕ್ಕಳು ಉಳಿಯುವುದೇ ಕಷ್ಟ. ಮೊದಲ ಆಟದಲ್ಲಿ, ವರ್ಮೈರ್ ಗ್ರಹದ ಕಡಲ ದಂಡೆಯಲ್ಲಿ, ಆ ರೋಗಕ್ಕೆ ಮದ್ದಿರುವ ಜಾಗವನ್ನೇ ನಾವು ಉಡಾಯಿಸಲು ಹೊರಡುತ್ತೇವೆ. ಅವನು ನಮ್ಮ ಮೇಲೇ ಬಂದೂಕು ಎತ್ತುತ್ತಾನೆ. ನಾನು ಮೊದಲೇ ಅವನ ಮನೆತನದ ಕವಚ ಹುಡುಕಿ ಕೊಟ್ಟಿದ್ದೆ. ಆ ಋಣಕ್ಕೆ ಬಂದೂಕು ಇಳಿಸಿದ. ಇಲ್ಲದಿದ್ದರೆ, ಮಾತಿನಲ್ಲೂ ಒಲಿಸಲಾಗದಿದ್ದರೆ, ಅವನು ಅಲ್ಲೇ ಸಾಯುತ್ತಾನೆ.

ಎರಡನೇ ಆಟದಲ್ಲಿ ಅವನ ಊರು ಟುಚಾಂಕಾಗೆ ಹೋದೆ. ಕುಲದ ಯಜಮಾನನಾಗಿ ರೆಕ್ಸ್ ಕೂತಿದ್ದ. ನನ್ನನ್ನು ಕಂಡವನೇ ಎದ್ದು ಬಂದು "ಶೆಪರ್ಡ್! ನನ್ನ ಗೆಳೆಯ!" ಅಂದ. ನನ್ನ ಜೊತೆ ಬಂದಿದ್ದವನು ಮೋರ್ಡಿನ್, ಅದೇ ರೋಗವನ್ನು ಇನ್ನಷ್ಟು ಗಟ್ಟಿ ಮಾಡಿದ ವಿಜ್ಞಾನಿ. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ತಮ್ಮನ ಲ್ಯಾಪ್‌ಟಾಪಿನಲ್ಲಿ ಅದೇ ಜಾಗದಲ್ಲಿ ಬೇರೆ ಯಾರೋ ಒರಟ ಕ್ರೋಗನ್. ಮೊದಲ ಆಟದ ಸೇವ್ ಫೈಲ್ ತರದೆ ಎರಡನೆಯದನ್ನು ಶುರು ಮಾಡಿದರೆ ರೆಕ್ಸ್ ಸತ್ತನೆಂದೇ ಆಟ ಲೆಕ್ಕ ಹಾಕುತ್ತದೆ. ತಮ್ಮನಿಗೆ ರೆಕ್ಸ್ ಯಾರೆಂದೇ ಗೊತ್ತಿರಲಿಲ್ಲ.

ಆಟವಾಗಿ ಎರಡನೆಯದು ಮೇಲು, ನಾನೂ ಒಪ್ಪುತ್ತೇನೆ. ಅದರ ಒಳ್ಳೊಳ್ಳೆ ಗಳಿಗೆಗಳಿಗೆ ಬೇಕಾದ ಬಂಡವಾಳ ಮಾತ್ರ ಮೊದಲನೆಯದರಲ್ಲಿದೆ.

"ಅಣ್ಣ, ನಿನ್ನ ಸೇವ್ ಫೈಲ್ ಪೆನ್‌ಡ್ರೈವಿಗೆ ಹಾಕಿಕೊಡೋ" ಅಂದ ತಮ್ಮ. ಕೊಡಲ್ಲ, ಆ ಕವಚ ನೀನೇ ಹುಡುಕು ಅಂದೆ. ನಿನ್ನೆ ರಾತ್ರಿ ಅವನ ಕೋಣೆಗೆ ಇಣುಕಿದೆ. ಸಿಟಡೆಲ್ ಲಿಫ್ಟಿನಲ್ಲಿ ನಿಂತು ಆಕಳಿಸುತ್ತಿದ್ದ.