ಪಾರ್ಮಿಜಾನೊ, ಗ್ರಾನಾ, ಪೆಕೊರಿನೊ: ಯಾವುದು ಯಾವುದಕ್ಕೆ?

ತುರಿದು ಹಾಕುವ ಇಟಲಿಯ ಗಟ್ಟಿ ಚೀಸ್‌ಗಳೆಲ್ಲ ನಮ್ಮವರ ಬಾಯಲ್ಲಿ ‘ಪಾರ್ಮೆಸಾನ್’ ಆಗಿಬಿಟ್ಟಿವೆ. ಮೂರನ್ನು ತಂದು ಒಂದೇ ತಟ್ಟೆಯಲ್ಲಿಟ್ಟು ತಿಂದು ನೋಡಿ, ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಹಾಗೇ ತಿನ್ನಲು ಪಾರ್ಮಿಜಾನೊ ರೆಜ್ಜಾನೊ. ಪಾರ್ಮಾ, ರೆಜ್ಜೊ ಎಮಿಲಿಯಾ ಎಂಬ ಎರಡು ಊರುಗಳಿಂದ ಬಂದ ಹೆಸರು ಇದು. ಆ ಎರಡು ಜಿಲ್ಲೆ, ಮೊದೆನಾ, ಜೊತೆಗೆ ಬೊಲೊನ್ಯಾ ಮತ್ತು ಮಾಂತುವಾದ ಒಂದೊಂದು ಭಾಗ, ಇಷ್ಟರಲ್ಲೇ ಮಾಡಬೇಕು. ಸಂಜೆಯ ಹಾಲನ್ನು ರಾತ್ರಿಯಿಡೀ ಬಿಟ್ಟು, ಕೆನೆ ತೆಗೆದು, ಬೆಳಗಿನ ಹಾಲಿಗೆ ಬೆರೆಸುತ್ತಾರೆ. ಕನಿಷ್ಠ 12 ತಿಂಗಳು ಮಾಗಿಸುತ್ತಾರೆ. ನಾನು ತಂದದ್ದು 24 ತಿಂಗಳದ್ದು. ಚಾಕುವಿನ ತುದಿ ಚುಚ್ಚಿ ತಿರುಗಿಸಿದರೆ ಒರಟು ತುಂಡಾಗಿ ಒಡೆಯುತ್ತದೆ. ಒಳಗಿನ ಬಿಳಿ ಚುಕ್ಕೆಗಳು ಹಲ್ಲಿಗೆ ಕರಕರ ಸಿಗುತ್ತವೆ. ಅದು ಉಪ್ಪಲ್ಲ, ಪ್ರೋಟೀನ್ ಒಡೆದು ಹರಳುಗಟ್ಟಿದ ಟೈರೊಸಿನ್. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು ತಿನ್ನಿ, ರುಚಿ ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಗ್ರಾನಾ ಪದಾನೊ ಹೆಸರಿನಲ್ಲಿ ಊರಿಲ್ಲ. ಗ್ರಾನಾ ಅಂದರೆ ಕಾಳು, ಒಳಗಿನ ತರಿತರಿಯಿಂದ ಬಂದದ್ದು. ಪದಾನೊ ಅಂದರೆ ಪೋ ನದಿ ಬಯಲಿನದು. ಮಾಡುವ ಪ್ರದೇಶವೂ ದೊಡ್ಡದು, 9 ತಿಂಗಳು ಮಾಗಿದರೆ ಸಾಕು. ಹಸುಗಳಿಗೆ ಸೈಲೇಜ್, ಅಂದರೆ ಹುದುಗಿಸಿಟ್ಟ ಹಸಿ ಮೇವು, ಕೊಡಬಹುದು. ಪಾರ್ಮಿಜಾನೊಗೆ ಅದಕ್ಕೆ ಅವಕಾಶವೇ ಇಲ್ಲ. ಹಾಗೇ ತಿಂದರೆ ಇದು ಮೆತ್ತಗೆ, ಹಾಲಿನ ಸಿಹಿ ಜಾಸ್ತಿ, ಘಮ ಕಡಿಮೆ. ಆದರೆ ಬಿಸಿ ಟೊಮೆಟೊ ಪಾಸ್ತಾದ ಮೇಲೆ ತುರಿದಾಗ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಬೆಲೆಯೂ ಕಡಿಮೆ ಅಲ್ವಾ? ದಿನಬಳಕೆಗೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಪೆಕೊರಿನೊ ರೊಮಾನೊದ್ದು ಬೇರೆಯೇ ಜಾತಿ. ಪೆಕೊರಾ ಅಂದರೆ ಕುರಿ, ಇದು ಕುರಿ ಹಾಲಿನ ಚೀಸ್. ರೊಮಾನೊ ಎಂದರೆ ರೋಮಿನದು, ಆದರೂ ಈಗ ಹೆಚ್ಚಿನದೆಲ್ಲ ಸಾರ್ಡಿನಿಯಾ ದ್ವೀಪದಲ್ಲೇ ತಯಾರಾಗುತ್ತದೆ. ಉಪ್ಪು ಖಾರವಾಗಿ ನಾಲಿಗೆಗೆ ತಾಗುತ್ತದೆ, ಸುಮ್ನೆ ತಿನ್ನಲು ನನಗೆ ಆಗದು. ಆದರೆ ಕಾಳುಮೆಣಸಿನ ಕಾಚೊ ಎ ಪೆಪೆ ಪಾಸ್ತಾಗೆ ಇದೇ ಆಗಬೇಕು. ಗ್ರಾನಾ ಹಾಕಿ ಮಾಡಿದ್ದು ಸಪ್ಪೆ ಅನ್ನಿಸಿತು. ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಕಡಿಮೆ ಹಾಕಿ. ನುಣ್ಣಗೆ ತುರಿದು, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಕುದಿಯುವಾಗ ಹಾಕಿದರೆ ಗಂಟು ಕಟ್ಟುತ್ತದೆ.

ಸಸ್ಯಾಹಾರಿಗಳು ಕೊಳ್ಳುವ ಮುಂಚೆ ಇದನ್ನು ತಿಳಿದಿರಲೇಬೇಕು: ಮೂರಕ್ಕೂ ಹಾಲು ಹೆಪ್ಪುಗಟ್ಟಿಸುವ ರೆನೆಟ್ ಪ್ರಾಣಿಯ ಹೊಟ್ಟೆಯದು. ಪಾರ್ಮಿಜಾನೊಗೆ ಕರುವಿನದು, ಪೆಕೊರಿನೊ ರೊಮಾನೊಗೆ ಕುರಿಮರಿಯದು. ಗ್ರಾನಾಗೆ ಸಾಮಾನ್ಯವಾಗಿ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೊಜೈಮ್ ಕೂಡ ಸೇರಿಸುತ್ತಾರೆ. ಸಸ್ಯಜನ್ಯ ರೆನೆಟ್ ಹಾಕಿದ ಗಟ್ಟಿ ಚೀಸ್‌ಗಳು ಬೇರೆ ಹೆಸರಿನಲ್ಲಿ ಸಿಗುತ್ತವೆ, ಪ್ಯಾಕೆಟ್ ತಿರುಗಿಸಿ ಓದಿ ಕೊಳ್ಳಿ.