ತಬಲಾ ವಾದಕರ ಎರಡನೆಯ ವಾದ್ಯ: ಹಾರ್ಮೋನಿಯಮ್ಮೋ, ಸಾರಂಗಿಯೋ?

ತಬಲಾ ಸೋಲೋಗೆ ಲೆಹರಾ, ಅಂದರೆ ತಾಳದ ಆವರ್ತನವನ್ನು ತೋರಿಸುತ್ತ ಮರಳಿ ಮರಳಿ ಬರುವ ಸ್ವರಪಂಕ್ತಿ, ನುಡಿಸುವ ಹೊಣೆ ಸಾಮಾನ್ಯವಾಗಿ ಹಾರ್ಮೋನಿಯಂ ಅಥವಾ ಕಮಾನಿನಿಂದ ನುಡಿಸುವ ತಂತಿವಾದ್ಯವಾದ ಸಾರಂಗಿಯದು. ಆದ್ದರಿಂದ ಮುಂಬಯಿಯ ಕನ್ನಡಿಗ ತಬಲಾ ವಾದಕರು ಇನ್ನೊಂದು ವಾದ್ಯಕ್ಕೆ ಮನಸೋತರೆ ಅದು ಈ ಎರಡರಲ್ಲಿ ಒಂದಾಗಿರುವುದು ಸಹಜ.

ಹಾರ್ಮೋನಿಯಂನಲ್ಲಿ ಸ್ವರಸ್ಥಾನಗಳು ನಿಶ್ಚಿತವಾಗಿರುವುದರಿಂದ ಪ್ರತಿದಿನ ಶ್ರುತಿ ಮಾಡುವ ತೊಡಕಿಲ್ಲ, ಮತ್ತು ಲಯ ಮೊದಲೇ ಮೈಗೂಡಿರುವವರಿಗೆ ತೀನ್‌ತಾಲವೆಂಬ ತಾಳದ 16 ಮಾತ್ರೆಗಳ (ಎಣಿಕೆಗಳ) ಸರಳ ಲೆಹರಾ ಬೇಗನೆ ಕೈವಶವಾಗುತ್ತದೆ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಡೆ, ಮಾತ್ರ ಅದರಿಂದ ಸಾಧ್ಯವಿಲ್ಲ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿದ್ದರ ಹಿಂದೆ ಇಂಥ ಆಕ್ಷೇಪಗಳೂ ಇದ್ದವು. ಬೆಳಗಾವಿಯ ರಾಮಭಾವು ಬಿಜಾಪುರೆಯವರ ಹಾರ್ಮೋನಿಯಂ ವಾದನ ಕೇಳಿದವರಿಗೆ ಆ ನಿರ್ಧಾರ ಅತಿರೇಕವೆನಿಸಿದರೆ ಆಶ್ಚರ್ಯವಿಲ್ಲ.

ಸಾರಂಗಿಯ ಕಥೆಯೇ ಬೇರೆ. ಕರುಳಿನಿಂದ ಮಾಡಿದ ಮೂರು ಮುಖ್ಯ ತಂತಿಗಳನ್ನು ಬೆರಳ ತುದಿಯಿಂದಲ್ಲ, ಉಗುರಿನ ಬುಡದ ಚರ್ಮದಿಂದ ಬದಿಗೊತ್ತಿ ನುಡಿಸಬೇಕಾಗಿರುವುದರಿಂದ ಮೊದಲ ತಿಂಗಳುಗಳಲ್ಲಿ ಬೆರಳು ಉರಿಯುತ್ತದೆ. ಕೆಳಗಿರುವ ಮೂವತ್ತಕ್ಕೂ ಹೆಚ್ಚು ತರಬ್ ತಂತಿಗಳನ್ನು (ಮುಖ್ಯ ತಂತಿಗಳ ನಾದಕ್ಕೆ ತಾವಾಗಿ ಅನುರಣಿಸುವ ತಂತಿಗಳನ್ನು) ಶ್ರುತಿಗೊಳಿಸುವಷ್ಟರಲ್ಲಿ ಅಭ್ಯಾಸದ ಅರ್ಧ ಹೊತ್ತು ಕಳೆದಿರುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಕರುಳಿನ ತಂತಿಯೂ ಚರ್ಮದ ಹೊದಿಕೆಯೂ ಒಗ್ಗುವುದಿಲ್ಲ. ಇಷ್ಟಾದರೂ ಕಂಠಕ್ಕೆ ಅದರಷ್ಟು ಸಮೀಪದ ನಾದ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ; ಇದೇ ನಗರದಲ್ಲಿ ನೆಲೆಸಿದ್ದ ಪಂಡಿತ್ ರಾಮ್ ನಾರಾಯಣ್ ಅದನ್ನು ಏಕವಾದನದ ವೇದಿಕೆಗೆ ತಂದವರಲ್ಲಿ ಅಗ್ರಗಣ್ಯರು.

ನೌಕರಿಯ ನಡುವೆ ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು ಹಾರ್ಮೋನಿಯಂ ಆರಿಸಿಕೊಳ್ಳುವುದು ಮೇಲು. ಕೈಗೆಟಕುವ ದೂರದಲ್ಲಿ ಗುರುಗಳು ದೊರೆತು, ವರ್ಷಗಟ್ಟಲೆ ಕಾಯುವ ತಾಳ್ಮೆಯೂ ಇದ್ದರೆ ಮಾತ್ರ ಸಾರಂಗಿಯನ್ನು ಕೊಳ್ಳಬಹುದು.